ಲಿವರ್‌ಪೂಲ್ ಸೆರೆಮನೆಯ ಊಟ: ಸಲಿವನ್ ಸಾಕ್ಷ್ಯದ ಮರುವಿಚಾರಣೆ

ಬಸುರಿಯ ಕುಡಿತದಿಂದ ಮಗುವಿಗಾಗುವ ಹಾನಿಯ ಚರಿತ್ರೆ ಬರೆಯುವವರು ಸೆರೆಮನೆಯ ವೈದ್ಯ ವಿಲಿಯಂ ಸಲಿವನ್‌ನ 1899ರ ಲೇಖನವನ್ನು ತಪ್ಪದೆ ಹೆಸರಿಸುತ್ತಾರೆ. ಪೂರ್ತಿ ಓದಿದವರು ಕಡಿಮೆ ಎಂಬುದು ನನ್ನ ಗುಮಾನಿ. ಲಿವರ್‌ಪೂಲ್ ಸೆರೆಮನೆಯ 120 ಕುಡುಕ ಹೆಂಗಸರು ಹೆತ್ತ 600 ಮಕ್ಕಳಲ್ಲಿ 335 ಸತ್ತು ಹುಟ್ಟಿದ್ದವು, ಇಲ್ಲವೆ ಎಳವೆಯಲ್ಲೇ ತೀರಿಕೊಂಡಿದ್ದವು. ಹೀಗೆ ಮಕ್ಕಳನ್ನು ಕಳೆದುಕೊಂಡ ಕೆಲವರು ಬಸುರಿನಲ್ಲಿ ಜೈಲು ಸೇರಿದಾಗ ಮಾತ್ರ ಆರೋಗ್ಯವಂತ ಮಗುವನ್ನು ಹೆತ್ತರೆಂದೂ ಅವನು ಬರೆದ. ಕುಡಿತ ನಿಂತಿತು, ಮಗು ಉಳಿಯಿತು: ಇದು ರೂಢಿಯ ಓದು. ಆದರೆ ಜೈಲಿನಲ್ಲಿ ಬದಲಾದದ್ದು ಅದೊಂದೇ ಅಲ್ಲ. ಎಷ್ಟೇ ಸಪ್ಪೆಯಾಗಿರಲಿ, ಹೊತ್ತಿಗೆ ಸರಿಯಾಗಿ ಊಟವೂ ಸಿಕ್ಕಿತು. ಒಟ್ಟಿಗೆ ಬದಲಾದ ಎರಡರಲ್ಲಿ ಒಂದಕ್ಕೇ ಕೀರ್ತಿ ಕಟ್ಟುವುದು ಯಾವ ನ್ಯಾಯ?

ಇದಕ್ಕೆ ತಿರುಗುಮುರುಗಾದ ತಪ್ಪು 1942ರಲ್ಲಿ ಯೇಲ್ ವಿಶ್ವವಿದ್ಯಾಲಯದ ಹಗಾರ್ಡ್ ಮತ್ತು ಜೆಲಿನೆಕ್ ಅವರದು. ಮದ್ಯ ನಿರ್ದೋಷಿ, ಅರೆಹೊಟ್ಟೆಯೂ ಮನೆಯ ದುಃಸ್ಥಿತಿಯೂ ಕಾರಣ ಎಂದರು. (ಯೇಲ್ ಎಂಬ ಹೆಸರಿನ ಭಾರಕ್ಕೆ ಈ ಮಾತು ಮೂರು ದಶಕ ಚಲಾವಣೆಯಲ್ಲಿತ್ತು.) ಅವರ ವಾದಕ್ಕೆ ಉತ್ತರ ಸಲಿವನ್‌ನಲ್ಲೇ ಇತ್ತು. ಅವನು 21 ಕುಡುಕಿಯರನ್ನು ಅವರದೇ ಬಂಧುಬಳಗದ, ಕುಡಿಯದ 28 ಹೆಂಗಸರೊಂದಿಗೆ ಹೋಲಿಸಿದ್ದ. ಮಕ್ಕಳ ಸಾವು ಅಲ್ಲಿ ಶೇ. 55.2, ಇಲ್ಲಿ ಶೇ. 23.9. ಬಡತನವೊಂದೇ ಕಾರಣವಾಗಿದ್ದರೆ ಒಂದೇ ಬಳಗದೊಳಗೆ ಇಷ್ಟು ಅಂತರ ಬರುತ್ತಿರಲಿಲ್ಲ.

ಆದರೂ ಒಂದೇ ಬಳಗ ಎಂದರೆ ಒಂದೇ ತಟ್ಟೆಯಲ್ಲ. ಕುಡಿತ ಊಟದ ದುಡ್ಡನ್ನೂ ಹಸಿವನ್ನೂ ನುಂಗುತ್ತದೆ. ತಿಂದದ್ದರಲ್ಲಿನ ಫೋಲೇಟ್, ಥಯಾಮಿನ್ ಮೈಗೆ ಹತ್ತದಂತೆ ತಡೆಯುತ್ತದೆ. ಹಾಗಾಗಿ ಪೋಷಣೆಯ ಕೊರತೆ ಮದ್ಯಕ್ಕೆ ಎದುರಾಳಿ ಕಾರಣವಲ್ಲ, ಮದ್ಯ ಹಾನಿ ಮಾಡುವ ದಾರಿಗಳಲ್ಲೇ ಒಂದು. 1973ರಲ್ಲಿ ಸಿಯಾಟಲ್‌ನ ವೈದ್ಯರಾದ ಜೋನ್ಸ್ ಮತ್ತು ಸ್ಮಿತ್ ಅರೆಹೊಟ್ಟೆಯ ವಾದವನ್ನು ತಳ್ಳಿಹಾಕಿದ್ದಕ್ಕೆ ಆಧಾರವಿತ್ತು: ಅವರು ಪರೀಕ್ಷಿಸಿದ, ಕುಡುಕ ತಾಯಂದಿರ ಶಿಶುಗಳಲ್ಲಿ ತೂಕಕ್ಕಿಂತ ಉದ್ದ ಹೆಚ್ಚು ಕುಗ್ಗಿತ್ತು, ಹುಟ್ಟಿದ ಮೇಲೆ ಚೆನ್ನಾಗಿ ಉಣಿಸಿದರೂ ಬೆಳವಣಿಗೆ ಚೇತರಿಸಲಿಲ್ಲ. ಅವರ ಹಿಂಬಾಲಕರು ಇದನ್ನೇ ಹಿಗ್ಗಿಸಿ, ಪೋಷಣೆಯ ಮಾತೆತ್ತುವುದೇ ಮದ್ಯದ ಪರ ವಕಾಲತ್ತು ಎಂಬಂತೆ ನಡೆದುಕೊಂಡದ್ದು ನನಗೆ ಒಪ್ಪಿಗೆಯಿಲ್ಲ.

ಜೈಲು ಬೆರೆಸಿಟ್ಟದ್ದನ್ನು ಬಿಡಿಸಲು ಹೊರಟದ್ದು ಕೇಪ್‌ಟೌನ್ ಪ್ರಯೋಗ. ಸಾಂಡ್ರಾ ಜೇಕಬ್ಸನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಇದರಲ್ಲಿ ವಿಪರೀತ ಕುಡಿಯುತ್ತಿದ್ದ ಗರ್ಭಿಣಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹೆರಿಗೆಯವರೆಗೆ ದಿನಕ್ಕೆ 2 ಗ್ರಾಂ ಕೋಲೀನ್ ಎಂಬ ಪೋಷಕಾಂಶ, ಇನ್ನೊಂದಕ್ಕೆ ಸತ್ತ್ವವಿಲ್ಲದ ಹುಸಿಮದ್ದು ಕೊಟ್ಟರು. ಕೋಲೀನ್ ಪಡೆದ ತಾಯಂದಿರ ಶಿಶುಗಳು ಕಣ್ಣುರೆಪ್ಪೆ ಮಿಟುಕಿಸುವ ಕಲಿಕೆಯ ಪರೀಕ್ಷೆಯಲ್ಲಿ ಮುಂದಿದ್ದವು. ಒಂದು ವರ್ಷದೊಳಗೆ ತೂಕ, ತಲೆಯ ಸುತ್ತಳತೆಗಳಲ್ಲೂ ಚೇತರಿಸಿಕೊಂಡವು.

ಇದು ಕೇವಲ 70 ತಾಯಂದಿರ ಪ್ರಯೋಗ. ಹುಟ್ಟುವಾಗ ಎರಡೂ ಗುಂಪಿನ ಶಿಶುಗಳು ಚಿಕ್ಕವೇ ಆಗಿದ್ದವು. ಸೆರೆಮನೆಯ ಊಟವೇ ಇಂದಿನ ಕೋಲೀನ್‌ನ ಪೂರ್ವರೂಪ ಎನ್ನಲು ಹೊರಡುವವರು, ಜೈಲಿನ ಮಕ್ಕಳು ಆರೋಗ್ಯವಾಗಿ ಹುಟ್ಟಿ ಇವು ಚಿಕ್ಕವಾಗಿ ಹುಟ್ಟಿದ್ದೇಕೆಂದು ಮೊದಲು ವಿವರಿಸಲಿ.