ಸೋದರಮಾವ, ಸೋದರಳಿಯ ಮತ್ತು ಸಖರಾಯಪಟ್ಟಣದ ಸೀಮೆ

ಮಾರ್ಕ್ ಕಬ್ಬನ್ ಎಂದೊಡನೆ ನೆನಪಾಗುವುದು ಮಡದಿ ಮಕ್ಕಳಿಲ್ಲದ ಒಂಟಿ ಆಡಳಿತಗಾರ. ಆತ ಮದುವೆಯಾಗಲಿಲ್ಲ, ನಿಜ. ಆದರೆ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಆತನ ಹಿಂದೆ ಒಂದು ಮನೆತನವಿತ್ತು. ತಂದೆ ಐಲ್ ಆಫ್ ಮ್ಯಾನ್ ದ್ವೀಪದ ಪಾದ್ರಿ. ತಾಯಿ ಮಾರ್ಗರೆಟ್, ಕರ್ನಲ್ ಮಾರ್ಕ್ ವಿಲ್ಕ್ಸ್‌ನ ಒಡಹುಟ್ಟಿದವಳು.

ಈ ಸೋದರಮಾವ ಪೂರ್ಣಯ್ಯನವರ ದಿವಾನಗಿರಿಯಲ್ಲಿ ಮೈಸೂರಿನ ರೆಸಿಡೆಂಟ್ ಹೊಣೆ ಹೊತ್ತಿದ್ದವನು. 1810ರಿಂದ ಮೂರು ಸಂಪುಟಗಳಲ್ಲಿ ಹೊರಬಂದ ಮೈಸೂರಿನ ಇತಿಹಾಸ ಆತನದೇ. 1813ರಲ್ಲಿ ಸೇಂಟ್ ಹೆಲೆನಾ ದ್ವೀಪದ ಗವರ್ನರ್ ಆದ. 1815ರ ಅಕ್ಟೋಬರ್‌ನಲ್ಲಿ ನೆಪೋಲಿಯನ್ ಸೆರೆಯಾಳಾಗಿ ಬಂದಿಳಿದಾಗ ಅಧಿಕಾರ ಇನ್ನೂ ಆತನ ಕೈಯಲ್ಲಿತ್ತು. ಮಗಳು ಲಾರಾಳ ಚೆಲುವಿಗೆ ನೆಪೋಲಿಯನ್ ಮಾರುಹೋದನೆಂಬ ಕಥೆಯ ಮುಂದೆ ಅಪ್ಪನ ಆಡಳಿತ ಮಂಕಾಗಿದೆ. ನಮಗೆ ಮುಖ್ಯವಾದದ್ದು ಬೇರೆ. ಆ ದ್ವೀಪದಲ್ಲೂ ಈಸ್ಟ್ ಇಂಡಿಯಾ ಕಂಪನಿಯವರು 1733ರಲ್ಲಿ ಯೆಮೆನ್‌ನಿಂದ ತರಿಸಿದ ಕಾಫಿ ಇತ್ತು; ಬಾಬಾಬುಡನ್‌ಗಿರಿಯ ಬೀಜಕ್ಕೂ ಐತಿಹ್ಯ ಹೇಳುವ ತವರು ಯೆಮೆನ್ನೇ.

ಸೋದರಳಿಯ ಕಬ್ಬನ್ 1800ರಲ್ಲಿ ಕೆಡೆಟ್ ಆಗಿ ಮದ್ರಾಸಿಗೆ ಬಂದು ಸೇನೆಯ ಕಮಿಸರಿಯಟ್‌ನಲ್ಲಿ ಮೇಲೇರಿದ. ಅಮೃತಮಹಲ್ ದನಗಳ ಉಸ್ತುವಾರಿ 1813ರಲ್ಲಿ ಸೇರಿದ್ದು ಇದೇ ಇಲಾಖೆಗೆ. ಅಜ್ಜಂಪುರ, ಕಡೂರು ಬಯಲಿನ ಕಾವಲುಗಳಲ್ಲಿ ಮೇಯುವ ಈ ತಳಿಯ ಎತ್ತುಗಳು ಕಂಪನಿಯ ಫಿರಂಗಿ ಎಳೆಯುತ್ತಿದ್ದವು.

ಮೈಸೂರು ಅರಸರ ಆಡಳಿತದ ವಿರುದ್ಧ ಎದ್ದ ನಗರ ಸೀಮೆಯ ದಂಗೆಯಲ್ಲಿ ತರೀಕೆರೆಯ ಪಾಳೆಯಗಾರ ಸರ್ಜಾ ಹನುಮಪ್ಪ ನಾಯಕನೂ ಎದ್ದು ನಿಂತಿದ್ದ. ದಂಗೆಯ ಕಾರಣ ವಿಚಾರಿಸಿ 1833ರ ಕೊನೆಗೆ ವರದಿ ಕೊಟ್ಟ ಸಮಿತಿಯ ನಾಲ್ವರಲ್ಲಿ ಕಬ್ಬನ್ ಒಬ್ಬ. ಮರುವರ್ಷ ಕಮಿಷನರ್ ಪದವಿ. ಇದು ಮಾವನ ಕೃಪೆ ಎನ್ನಲಾಗದು: ರಾಜ್ಯ ಕಂಪನಿಯ ಕೈಸೇರಿದ 1831ರಲ್ಲೇ ವಿಲ್ಕ್ಸ್ ತೀರಿಕೊಂಡಿದ್ದ. ಮಾವನಿಂದ ಬಂದದ್ದು ಮೈಸೂರಿನ ಪರಿಚಯವೇ ಹೊರತು ಕುರ್ಚಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಆ ಕುರ್ಚಿಯಲ್ಲಿ ಕೂತು ಕಬ್ಬನ್ ಮಾಡಿದ್ದರ ಗುರುತು ಈ ಸೀಮೆಯ ಕಾಫಿಯಲ್ಲಿದೆ. ಸಖರಾಯಪಟ್ಟಣದ ಅಯ್ಯನಕೆರೆಗೆ ನೀರು ಇಳಿಯುವುದು ಬಾಬಾಬುಡನ್ ಬೆಟ್ಟಸಾಲಿನಿಂದ. ಕೆರೆಯ ಕೆಳಗೆ ಗದ್ದೆ, ಮೇಲೆ ಬೆಟ್ಟದಲ್ಲಿ ಕಾಫಿ. ಕಾಫಿಯ ಸುಂಕವಾದ ಹಾಲತ್ತು ಕಬ್ಬನ್ ಕಾಲದಲ್ಲಿ ಮಣಕ್ಕೆ 1 ರೂಪಾಯಿಯಿಂದ 8 ಆಣೆಗೆ, 1849ರಲ್ಲಿ 4 ಆಣೆಗೆ ಇಳಿಯಿತು. ಥಾಮಸ್ ಕ್ಯಾನನ್ ಚಿಕ್ಕಮಗಳೂರಿನ ಬಳಿ ಯುರೋಪಿಯನ್ನರ ಮೊದಮೊದಲ ತೋಟ ಮಾಡಿದ. ತೋಟದ ದೊರೆಗಳ ಕಾಲವನ್ನು ಸಾಮಾನ್ಯವಾಗಿ ಕ್ಯಾನನ್‌ನಿಂದ ಎಣಿಸುತ್ತಾರೆ. ಹಾಲತ್ತಿನ ಆಣೆ ಲೆಕ್ಕದಿಂದ ಎಣಿಸುವುದು ಹೆಚ್ಚು ಸರಿ.