ಉತ್ತರದಿಂದ ಪ್ರಬಂಧದೆಡೆಗೆ: ರಾಯಚೂರು ಸೀಮೆಯ ಪದವಿ ವಿದ್ಯಾರ್ಥಿಗಳು ಮತ್ತು ಆಧಾರಸಹಿತ ಬರವಣಿಗೆ

ಪದವಿಪೂರ್ವ ಪರೀಕ್ಷೆಯಲ್ಲಿ ಪ್ರಶ್ನೆಯ ಮುಂದಿರುವ ಅಂಕವೇ ಉತ್ತರದ ಅಳತೆಯನ್ನು ನಿರ್ಧರಿಸುತ್ತದೆ. ಆ ಲೆಕ್ಕದಲ್ಲಿ ಬರೆದು ಪಳಗಿದ ವಿದ್ಯಾರ್ಥಿಗಳು ಪದವಿ ತರಗತಿಗೆ ಬಂದು ಸಂಪ್ರಬಂಧವನ್ನು, ಅಂದರೆ ಒಂದೇ ವಿಷಯವನ್ನು ಆಕರಗಳ ನೆರವಿನಿಂದ ವಿವೇಚಿಸುವ ದೀರ್ಘ ಬರಹವನ್ನು, ಸಿದ್ಧಪಡಿಸುವಾಗ ಕಾಣುವ ತೊಡಕು ಭಾಷೆಗಿಂತ ಹೆಚ್ಚಾಗಿ ಆಧಾರಕ್ಕೆ ಸಂಬಂಧಿಸಿದ್ದು. ಗೈಡಿನ ವಾಕ್ಯವನ್ನು ತಪ್ಪಿಲ್ಲದೆ ಬರೆಯಬಲ್ಲವರಿಗೂ ಅದು ಯಾವುದರ ಮೇಲೆ ನಿಂತಿದೆಯೆಂದು ಹೇಳಬೇಕಾದ ಸಂದರ್ಭ ಅದುವರೆಗೆ ಒದಗಿರುವುದಿಲ್ಲ.

ಆಧಾರ ತೋರಿಸಿ ಬರೆಯುವ ಅಭ್ಯಾಸಕ್ಕೆ ಬೇಕಾದ ಸಾಮಗ್ರಿ ರಾಯಚೂರು ಜಿಲ್ಲೆಯಲ್ಲೇ ಹೇರಳವಾಗಿದೆ. ರಾಯಚೂರು ಕೋಟೆಯ ಒಳಗೋಡೆಯ ಬೃಹತ್ ಶಿಲೆಯ ಮೇಲಿರುವ ಶಾಸನವು ಕೋಟೆಯನ್ನು 1294ರಲ್ಲಿ ಕಾಕತೀಯರ ಅಧೀನದ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದನೆಂದು ತಿಳಿಸುತ್ತದೆ. ಹೊರಕೋಟೆಯಾದರೋ ಬಿಜಾಪುರದ ಆದಿಲ್‌ಶಾಹಿಗಳ ಕಾಲದ್ದು. ಕೋಟೆಯನ್ನು ಕಾಕತೀಯರು ಕಟ್ಟಿಸಿದರೆಂಬ ವಾಕ್ಯ ಒಂದು ಅಂಕಕ್ಕೆ ಸಾಕಾಗಬಹುದು, ಆದರೆ ಪ್ರಬಂಧದಲ್ಲಿ ಆ ಮಾತು ಯಾವ ಗೋಡೆಗೆ ಅನ್ವಯಿಸುತ್ತದೆ, ಅದನ್ನು ಹೇಳುವ ಆಕರ ಯಾವುದು ಎಂಬುದೂ ಬರಬೇಕು. ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಲ್ಲಿ ಅಶೋಕನ ಹೆಸರೇ ಇದ್ದುದರಿಂದ, ಇತರ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂದಷ್ಟೇ ಕರೆಯಲಾದ ಅರಸ ಅವನೇ ಎಂದು ವಿದ್ವಾಂಸರು ಮಾಡಿದ್ದ ಊಹೆಗೆ ನೇರ ಪುರಾವೆ ಸಿಕ್ಕಿತು. ಊಹೆಗೂ ಪುರಾವೆಗೂ ಇರುವ ಅಂತರವನ್ನು ತರಗತಿಯಲ್ಲಿ ತೋರಿಸಲು ಇದಕ್ಕಿಂತ ಸಮೀಪದ ಉದಾಹರಣೆ ಬೇಕಿಲ್ಲ.

ಹೆಚ್ಚು ಸೂಕ್ಷ್ಮವಾದುದು ದಾಸ ಸಾಹಿತ್ಯದ ಪ್ರಸಂಗ. ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿ 'ಹರಿಕಥಾಮೃತಸಾರ'ವನ್ನು ರಚಿಸಿದ ಜಗನ್ನಾಥದಾಸರಿಗೆ, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದರೆಂಬ ಕಥೆ ಆ ಸೀಮೆಯ ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಇದನ್ನು ಕೇಳುತ್ತ ಬೆಳೆದ ವಿದ್ಯಾರ್ಥಿನಿಗೆ ಕಥೆಯನ್ನೇ ಕೈಬಿಡುವಂತೆ ಹೇಳುವುದು ಅನ್ಯಾಯ. ಜನನ, ಮರಣ, ಕೃತಿರಚನೆಗಳ ಸಾಲಿನಲ್ಲಿ ಅದನ್ನೂ ಚಾರಿತ್ರಿಕ ಸಂಗತಿಯೆಂದು ಸೇರಿಸುವುದೂ ಸರಿಯಲ್ಲ. 'ಸಂಪ್ರದಾಯದ ನಂಬಿಕೆಯಂತೆ' ಎಂದು ಆರಂಭಿಸಿ, ಗುರುವಿನ ಅನುಗ್ರಹವನ್ನು ಆ ಸಮುದಾಯ ಹೇಗೆ ಅರ್ಥೈಸಿಕೊಂಡಿದೆ ಎಂಬುದಕ್ಕೆ ಕಥೆಯನ್ನೇ ಸಾಕ್ಷ್ಯವಾಗಿಸಿದರೆ, ಮನೆಯಿಂದ ತಂದ ತಿಳಿವಳಿಕೆಗೆ ಪ್ರಬಂಧದಲ್ಲಿ ಗೌರವದ ಸ್ಥಾನ ದೊರೆಯುತ್ತದೆ, ಬರಹದ ಶಿಸ್ತೂ ಉಳಿಯುತ್ತದೆ. ನಿಶ್ಚಯದ ಮಟ್ಟವನ್ನು ವಾಕ್ಯದಲ್ಲೇ ಸೂಚಿಸುವ ಈ ಕ್ರಮವನ್ನು ಅಡಿಟಿಪ್ಪಣಿಯ, ಎಂದರೆ ಪುಟದ ಕೆಳಗೆ ಆಕರವನ್ನು ನಮೂದಿಸುವ ಪದ್ಧತಿಯ, ನಿಯಮಗಳಿಗಿಂತ ಮೊದಲೇ ಕಲಿಸುವುದು ಉಚಿತ. ನಿಯಮ ಮಾತ್ರ ಕಲಿತವರು ನಕಲು ಮಾಡಿದ ಪುಟಕ್ಕೂ ಅಚ್ಚುಕಟ್ಟಾದ ಟಿಪ್ಪಣಿ ಹಾಕಬಲ್ಲರು.

1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಜಿಲ್ಲೆಗೆ ಈಗ ತನ್ನದೇ ವಿಶ್ವವಿದ್ಯಾಲಯವಿದ್ದರೂ, ಇಂಥ ಬರವಣಿಗೆಯನ್ನು ಕಲಿಸಲು ಪಠ್ಯಕ್ರಮದ ಬದಲಾವಣೆಗೆ ಕಾಯಬೇಕಾಗಿಲ್ಲ. ಆಂತರಿಕ ಅಂಕಗಳನ್ನು ಕಾಲೇಜಿನ ಅಧ್ಯಾಪಕರೇ ನೀಡುವುದರಿಂದ, ದೇವದುರ್ಗ ಅಥವಾ ಮಾನ್ವಿಯ ಪ್ರಥಮ ವರ್ಷದ ತರಗತಿಯಲ್ಲಿ ಪುಟಗಳ ಸಂಖ್ಯೆಗೆ ಬದಲಾಗಿ, ವಿದ್ಯಾರ್ಥಿಯು ತನ್ನ ಊರಿನ ಒಂದು ಸಂಗತಿಗೆ ಎರಡು ಆಕರಗಳನ್ನು ಹುಡುಕಿ ಅವು ಎಲ್ಲಿ ಹೊಂದುತ್ತವೆ, ಎಲ್ಲಿ ಹೊಂದುವುದಿಲ್ಲ ಎಂದು ವಿವರಿಸಿದ ಎರಡೇ ಪುಟಗಳಿಗೆ ಆ ಅಂಕಗಳನ್ನು ಮೀಸಲಿಡಬಹುದು.