ಕಾವಲು ಗೋಪುರದ ಕೆಳಗೆ

ಬೆಳಗಿನ ಜಾವ ಹಂಪಿ ಎಕ್ಸ್‌ಪ್ರೆಸ್ಸಿನಿಂದ ಇಳಿದ ನೂರಿನ್ನೂರು ಜನ ಮುಖಕ್ಕೆ ನೀರು ಹಾಕಿಕೊಂಡು, ಸುತ್ತಿಟ್ಟ ಬ್ಯಾನರ್ ಬಿಚ್ಚಿ ಸಾಲಾಗಿ ನಡೆಯತೊಡಗಿದರೆ, ಎಲ್ಲಿಗೆ ಹೊರಟಿರಿ ಎಂದು ಮೆಜೆಸ್ಟಿಕ್ಕಿನ ಆಟೊದವರು ಕೇಳುವುದಿಲ್ಲ. ಅವರಿಗೆ ಗೊತ್ತು. 1831ರಲ್ಲಿ ನೇಣಿಗೇರಿದ ಸಂಗೊಳ್ಳಿ ರಾಯಣ್ಣನ ಹೆಸರು ಹೊತ್ತ ನಿಲ್ದಾಣದಿಂದ ಹೊರಟು, ಆನಂದರಾವ್ ಸರ್ಕಲ್ ಬಳಸಿ, ಶೇಷಾದ್ರಿ ರಸ್ತೆಗೆ ಬಂದರೆ ಸಿಗುವುದು ಫ್ರೀಡಂ ಪಾರ್ಕ್. ಕಾಗದದಲ್ಲಿ ಅದು ಸ್ವಾತಂತ್ರ್ಯ ಉದ್ಯಾನ. ಬೆಂಗಳೂರಿನ ಹಳಬರ ಬಾಯಲ್ಲಿ ಇನ್ನೂ ಹಳೇ ಜೈಲು.

ನನಗೂ ಹಳೇ ಜೈಲು ಎಂಬ ಹೆಸರೇ ಇಷ್ಟ. ಆ ಜಾಗದ ಕಥೆ ಶುರುವಾಗುವುದೇ ಅಲ್ಲಿಂದ.

ಮೈಸೂರು ಸಂಸ್ಥಾನವನ್ನು ಬ್ರಿಟಿಷ್ ಕಮಿಷನರುಗಳು ಆಳುತ್ತಿದ್ದ ಕಾಲದಲ್ಲಿ, 1860ರ ದಶಕದಲ್ಲಿ ಇಲ್ಲಿ ಸೆಂಟ್ರಲ್ ಜೈಲು ಎದ್ದಿತು. ನಡುವೆ ಎತ್ತರದ ಕಾವಲು ಗೋಪುರ, ಅದರಿಂದ ಚಕ್ರದ ಕಡ್ಡಿಗಳ ಹಾಗೆ ಸುತ್ತಲೂ ಚಾಚಿದ ಬ್ಯಾರಕ್‌ಗಳು. ಮೇಲೆ ನಿಂತ ಒಬ್ಬ ಪೇದೆಯ ಕಣ್ಣಿಗೆ ಇಡೀ ಜೈಲು ಬೀಳಬೇಕು, ಕೆಳಗಿದ್ದ ಕೈದಿಗೆ ಮಾತ್ರ ತನ್ನನ್ನು ಯಾರು ಯಾವಾಗ ನೋಡುತ್ತಿದ್ದಾರೆಂದು ತಿಳಿಯಬಾರದು. ಜೆರೆಮಿ ಬೆಂಥಾಮ್ ಎಂಬ ಇಂಗ್ಲೆಂಡಿನ ಚಿಂತಕ ಹದಿನೆಂಟನೆಯ ಶತಮಾನದ ಕೊನೆಗೆ ಮುಂದಿಟ್ಟಿದ್ದ ಈ ವಿಚಾರ ಹಲವು ದೇಶಗಳ ಜೈಲುಗಳಿಗೆ ಮಾದರಿಯಾಯಿತು. ಗೋಡೆಗಿಂತಲೂ ನೋಟವೇ ದೊಡ್ಡ ಕಾವಲು ಎಂದು ಲೆಕ್ಕ ಹಾಕಿ ಕಟ್ಟಿದ ಕಟ್ಟಡ ಇದು.

ಕಳ್ಳರು, ಕೊಲೆಗಾರರ ಜೊತೆಗೆ ಇಲ್ಲಿ ಕಂಬಿ ಎಣಿಸಿದವರಲ್ಲಿ ನಾಡು ಕಟ್ಟಿದವರೂ ಇದ್ದರು. ಎಚ್.ಎಸ್. ದೊರೆಸ್ವಾಮಿಯವರು 1942ರ ಚಳವಳಿಯಲ್ಲಿ ಸೆರೆಯಾಗಿ ಹದಿನಾಲ್ಕು ತಿಂಗಳು ಈ ಜೈಲಿನಲ್ಲಿದ್ದರು. ತುರ್ತುಪರಿಸ್ಥಿತಿಯಲ್ಲಿ ಅವರಿಗೆ ಮತ್ತೆ ಸೆರೆವಾಸವಾಯಿತು. ತುರ್ತುಪರಿಸ್ಥಿತಿ ಘೋಷಣೆಯಾದ ಮರುದಿನ, 1975ರ ಜೂನ್ 26ರಂದು, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರಾ ಬಂಧಿತರಾಗಿ ಇಲ್ಲಿಗೇ ಬಂದರು. ಎಚ್.ಡಿ. ದೇವೇಗೌಡರೂ ಇಲ್ಲಿದ್ದವರೇ. ಮುಂದೆ ದೇಶದ ಪ್ರಧಾನಿಗಳಾಗಲಿದ್ದ ಇಬ್ಬರು ಒಂದೇ ಜೈಲಿನ ಅನ್ನ ಉಂಡಿದ್ದಾರೆ.

ಈ ಹೆಸರುಗಳನ್ನು ಎಲ್ಲರೂ ಹೇಳುತ್ತಾರೆ. ಆ ಗೋಡೆಗಳ ನಡುವೆ ನಡೆಯುವಾಗ ನನಗೆ ಮೊದಲು ನೆನಪಾಗುವವರು ಮಾತ್ರ ಸ್ನೇಹಲತಾ ರೆಡ್ಡಿ. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪತಿ ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ಮಾಡಿದ ‘ಸಂಸ್ಕಾರ’ದಲ್ಲಿ ಚಂದ್ರಿಯಾದವರು, ಕನ್ನಡಕ್ಕೆ ಮೊದಲ ಸ್ವರ್ಣ ಕಮಲ ತಂದ ಚಿತ್ರ ಅದು. ರಂಗಭೂಮಿಯ ಹೆಣ್ಣುಮಗಳು, ಸಮಾಜವಾದಿಗಳ ಗೆಳತಿ. 1976ರ ಮೇ ತಿಂಗಳಲ್ಲಿ ಅವರನ್ನು ಹಿಡಿದು ಇಲ್ಲಿ ಇಟ್ಟರು. ಉಬ್ಬಸದ ಕಾಯಿಲೆ ಇತ್ತು, ತಕ್ಕ ಔಷಧೋಪಚಾರ ಸಿಗಲಿಲ್ಲ. ರಾತ್ರಿಯ ಮೌನದಲ್ಲಿ ಅವರ ನರಳಾಟ ತಮ್ಮ ಕೋಣೆಯವರೆಗೂ ಕೇಳುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ದಂಡವತೆ ಆಮೇಲೆ ಬರೆದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಐದೇ ದಿನಕ್ಕೆ ತೀರಿಕೊಂಡರು. ಒಳಗಿದ್ದಾಗ ಬರೆದ ದಿನಚರಿ ಅವರು ಹೋದ ಮೇಲೆ ಪುಸ್ತಕವಾಯಿತು.

ಜೈಲು 2000ದಲ್ಲಿ ಪರಪ್ಪನ ಅಗ್ರಹಾರಕ್ಕೆ ಹೋಯಿತು. ನೂರಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜನ ತುಂಬಿದ್ದ ಜಾಗ ಒಮ್ಮೆಲೇ ಬರಿದಾಯಿತು. ಊರಿನ ಎದೆಯ ಮೇಲೆ ಸುಮಾರು ಇಪ್ಪತ್ತು ಎಕರೆ, ಒಂದು ಕಡೆ ಗಾಂಧಿನಗರ, ಇನ್ನೊಂದು ಕಡೆ ಕಾಲೇಜುಗಳು. ಇಂಥ ಜಾಗ ಬೆಂಗಳೂರಿನಲ್ಲಿ ಖಾಲಿ ಬಿದ್ದರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತಿದೆ. ಇಲ್ಲಿ ಹಾಗಾಗಲಿಲ್ಲ. ಅದು ಸಣ್ಣ ವಿಷಯವಲ್ಲ.

ಜಾಗವನ್ನು ಏನು ಮಾಡಬೇಕೆಂದು ವಿನ್ಯಾಸ ಸ್ಪರ್ಧೆ ಕರೆದರು. 2003ರಲ್ಲಿ ಅದನ್ನು ಗೆದ್ದವರು ಬೆಂಗಳೂರಿನವರೇ ಆದ ನಿಶಾ ಮ್ಯಾಥ್ಯೂ ಘೋಷ್ ಮತ್ತು ಸೌಮಿತ್ರೋ ಘೋಷ್. ಜೈಲನ್ನು ಬಣ್ಣ ಬಳಿದು ಚೆಂದ ಮಾಡುವ ಗೋಜಿಗೆ ಅವರು ಹೋಗಲಿಲ್ಲ, ಪೂರ್ತಿ ಕೆಡವಿ ಹುಲ್ಲುಹಾಸು ಹಾಸಲೂ ಇಲ್ಲ. ಕಾವಲು ಗೋಪುರ ನಿಂತಲ್ಲೇ ನಿಂತಿತು. ಕೆಲವು ಬ್ಯಾರಕ್, ಗೋಡೆಗಳ ಭಾಗ ಉಳಿದವು. ಅವುಗಳ ನಡುವೆ ನಡೆಯುವ ದಾರಿ, ಕೂರುವ ಮೆಟ್ಟಿಲು, ಬಯಲು. ಕೈದಿಗಳನ್ನು ಬೇರೆ ಬೇರೆ ಇಡಲೆಂದು ಹಾಕಿದ್ದ ಗೋಡೆಗಳು ಈಗ ಗುಂಪು ಕೂರುವ ಅಂಗಳಕ್ಕೆ ಬೆನ್ನಾದವು. ಪಾರ್ಕಿನ ಒಂದು ಪಾಲನ್ನು ಧರಣಿ, ಸಭೆಗಳಿಗೆಂದೇ ಬಿಟ್ಟರು. 2008ರ ನವೆಂಬರಿನಲ್ಲಿ ಜನರಿಗೆ ಬಾಗಿಲು ತೆರೆಯಿತು.

ನನ್ನ ಮಟ್ಟಿಗೆ ಈ ಯೋಜನೆಯ ಜಾಣತನ ಇರುವುದು ಆ ಬಯಲಿನಲ್ಲಿ. ಎಲ್ಲವನ್ನೂ ತುಂಬಿಬಿಟ್ಟಿದ್ದರೆ ಅದು ನೋಡಿಬರುವ ಜಾಗವಾಗುತ್ತಿತ್ತು. ಖಾಲಿ ಬಿಟ್ಟಿದ್ದಕ್ಕೇ ಬಳಸುವ ಜಾಗವಾಯಿತು. 2011ರ ಆಗಸ್ಟಿನಲ್ಲಿ ಅಣ್ಣಾ ಹಜಾರೆಯವರ ಉಪವಾಸಕ್ಕೆ ಬೆಂಬಲವಾಗಿ ಊರಿಗೆ ಊರೇ ಇಲ್ಲಿ ನೆರೆಯಿತು. ಗಾಂಧಿ ಟೋಪಿಯ ದೊರೆಸ್ವಾಮಿಯವರು ತೊಂಬತ್ತು ದಾಟಿದ ಮೇಲೂ ಈ ಅಂಗಳದ ಧರಣಿಗಳಿಗೆ ಬಂದು ಕೂತಿದ್ದಾರೆ. ಒಮ್ಮೆ ಹಿಡಿದು ತಂದು ಒಳಗೆ ಹಾಕಿದ್ದ ಜಾಗಕ್ಕೆ ತಾವಾಗಿಯೇ ನಡೆದು ಬಂದು ಕೂರುವುದೆಂದರೆ ಏನೆಂದು ಅವರ ಮುಖ ನೋಡಿದವರಿಗೆ ಹೇಳಬೇಕಿರಲಿಲ್ಲ.

2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ನಾಲ್ಕು ದಿನ ಹಗಲೂ ರಾತ್ರಿ ಇಲ್ಲಿ ಕೂತರು. ಗೌರವಧನ ಹೆಚ್ಚಿಸಿ ಎಂಬುದು ಬೇಡಿಕೆ. ನಾನು ಹೋದಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಣ್ಣು ಹಾಯುವಷ್ಟೂ ಗುಲಾಬಿ ಸೀರೆ. ಒಂದು ಮೂಲೆಯಲ್ಲಿ ಇಬ್ಬರು ಹುಡುಗರು ಹಳೆಯ ಪೇಪರು, ಒಣಗಿದ ಎಲೆ ಗುಡ್ಡೆ ಹಾಕಿ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದರು. ರಾತ್ರಿಯ ಇಬ್ಬನಿಗೆ ಚರ್ಮ ಸಡಿಲಾಗಿರುತ್ತದೆ. ಉರಿಗೆ ಹಿಡಿದು, ತಿರುಗಿಸಿ, ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಮತ್ತೆ ಹಿಡಿದು. ಮೊದಲು ಬೊದ್ ಬೊದ್ ಎನ್ನುತ್ತಿದ್ದುದು ಕ್ರಮೇಣ ಬಿಗಿಯಾಗಿ ಟಣ್ ಎಂದಿತು. ಆ ಸದ್ದಿಗೇ ಮಲಗಿದ್ದವರು ಎದ್ದು ಕೂತರು. ಯಾರೋ ಒಬ್ಬಾಕೆ ಹಾಡು ಎತ್ತಿಕೊಂಡಳು, ಸೊಲ್ಲಿಗೆ ಸೊಲ್ಲು ಸೇರಿಸುತ್ತಾ ಹಿಂದಿನ ಸಾಲಿನವರೆಗೂ ಹೋಯಿತು.

ಪಕ್ಕದಲ್ಲಿ ಜೋಳದ ರೊಟ್ಟಿಯ ಗಂಟು ಬಿಚ್ಚುತ್ತಿದ್ದ ಹೆಂಗಸು, “ಇಲ್ಲಿ ಮೊದಲ ಜೇಲ್ ಇತ್ತಂತ, ಹೌದೇನ್ರಿ?” ಎಂದು ಕೇಳಿದರು. ಹೌದು ಎಂದೆ. ಗೋಪುರದ ಕಡೆ ನೋಡಿ, “ಗ್ವಾಡಿ ಇನ್ನೂ ಗಟ್ಟಿ ಅದಾವ ನೋಡ್ರಿ” ಎಂದು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ನನ್ನ ಕೈಗೂ ಒಂದು ಕೊಟ್ಟರು. ನಾಲ್ಕನೆಯ ದಿನ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವ ಭರವಸೆ ಪಡೆದು ಅವರೆಲ್ಲ ಊರಿಗೆ ಮರಳಿದರು.

ಇದೇ ಬಯಲಿನ ಬಗ್ಗೆ ನನಗೆ ನೋವೂ ಇದೆ. 2021ರಿಂದೀಚೆಗೆ ನ್ಯಾಯಾಲಯದ ನಿರ್ದೇಶನ, ಪೊಲೀಸ್ ಆದೇಶಗಳ ಫಲವಾಗಿ ಬೆಂಗಳೂರಿನಲ್ಲಿ ಧರಣಿಗೆ ಇದೊಂದೇ ಜಾಗ. ಟೌನ್‌ಹಾಲ್ ಮೆಟ್ಟಿಲು, ಮೈಸೂರು ಬ್ಯಾಂಕ್ ಸರ್ಕಲ್ ಈಗ ಹೋರಾಟದವರಿಗೆ ಇಲ್ಲ. ಟ್ರಾಫಿಕ್ಕಿನಲ್ಲಿ ಆಂಬುಲೆನ್ಸ್ ಸಿಕ್ಕಿಬೀಳಬಾರದು, ನಿಜ. ಆದರೆ ಜನ ತಾವಾಗಿ ಆರಿಸಿಕೊಂಡು ಬರುವುದಕ್ಕೂ ಬೇರೆಲ್ಲೂ ನಿಲ್ಲಬೇಡಿ ಎಂದು ಇಲ್ಲಿಗೆ ಕಳಿಸುವುದಕ್ಕೂ ಅಂತರವಿದೆ. ಒಬ್ಬನೇ ನಿಂತು ಎಲ್ಲರನ್ನೂ ನೋಡಲೆಂದು ಕಟ್ಟಿದ ಗೋಪುರದ ಬುಡದಲ್ಲೇ ಈ ಅಂತರ ಮರೆತುಹೋಗಬಾರದು.

ಹಾಗಿದ್ದೂ ಇಲ್ಲಿ ಕೂತವರ ದನಿ ಕೇಳಿದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ತಮ್ಮ 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿ, ಕೊನೆಯ ಘಟ್ಟದಲ್ಲಿ ಬಂದು ಕೂತದ್ದು ಈ ಬಯಲಿನಲ್ಲಿ. ಕವಿಗಳು, ಹಾಡುಗಾರರು, ನಟರು ಜೊತೆಗೆ ನಿಂತರು. 2025ರ ಜುಲೈ 15ರಂದು ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು.

ಈಚಿನ ವರ್ಷಗಳಲ್ಲಿ ಬಿಎಲ್‌ಆರ್ ಹಬ್ಬದಂಥ ದೊಡ್ಡ ಕಲಾ ಉತ್ಸವಗಳೂ ಈ ಅಂಗಳಕ್ಕೆ ಬಂದಿವೆ. ಬರಲಿ, ದೀಪ ಹಚ್ಚಲಿ. ಹಬ್ಬಕ್ಕೆ ಬಂದವರು ಧರಣಿಯ ಕಡೆಗೂ, ಧರಣಿಗೆ ಬಂದವರು ಹಬ್ಬದ ಕಡೆಗೂ ಹಾಯುವಂತಾದರೆ ಇನ್ನೂ ಚೆನ್ನ.

ನನಗೆ ಇನ್ನೊಂದು ಆಸೆ ಇದೆ. ಪ್ರತಿವರ್ಷ ಜನವರಿ 20ರ ಸಂಜೆ ಉಳಿದಿರುವ ಒಂದು ಬ್ಯಾರಕ್ಕಿನ ಗೋಡೆಗೆ ಬಿಳಿ ಬಟ್ಟೆ ಕಟ್ಟಬೇಕು. ಚಾಪೆ ಹಾಸಬೇಕು. ಟಿಕೆಟ್ ಇರಬಾರದು. ರೈಲಿಗೆ ಹೊತ್ತಿದೆ ಎಂದು ಕಾಯುತ್ತಿರುವ ಧರಣಿಯ ಜನರನ್ನೂ ಕರೆದು ಕೂರಿಸಬೇಕು. ಕತ್ತಲಾದ ಮೇಲೆ ‘ಸಂಸ್ಕಾರ’ ಶುರುವಾಗಿ, ಆ ಗೋಡೆಯ ಮೇಲೆ ಚಂದ್ರಿ ನಡೆದು ಬರಬೇಕು.